ಹಿಂದಿನ ಕೋಣೆಯ ಮೀನುಗಳು

ಅತೀಯಾ ಪ್ಲಾಸ್ಟಿಕ್ ಪೈಪಿನ ತುಂಡುಗಳನ್ನು ಒಂದೊಂದಾಗಿ ತೊಳೆದು ಗಾಜಿನ ಟ್ಯಾಂಕಿನೊಳಗೆ ಇಳಿಬಿಡುತ್ತಿರುವುದನ್ನು ನೋಡಿ ತಿರುಮಲೇಶ ಹೊಟ್ಟೆ ಕುಣಿಸಿ ನಕ್ಕ.

"ಏನವಾ, ಮೀನಿಗೆ ಬಾಣಂತನ ಮಾಡಾಕತ್ತಿಯೇನು?"

ಅವಳು ಇನ್ನೊಂದು ತುಂಡು ತೊಳೆದು ಒಳಗೆ ಬಿಟ್ಟಳು. ಇಂಥವರಿಗೆಲ್ಲ ಉತ್ತರ ಕೊಡುತ್ತ ಕೂತರೆ ಗಂಗಾವತಿಯ ಕೊನೆಯ ಬಸ್ಸೂ ತಪ್ಪುತ್ತದೆ. ತಿರುಮಲೇಶ ಕಾರಟಗಿಯ ಅಕ್ಕಿ ಗಿರಣಿಯ ಧಣಿ. ಹೊಸ ಮನೆಯ ಪಡಸಾಲೆಯಲ್ಲಿ ಗೋಡೆಯಗಲಕ್ಕೂ ಸಮುದ್ರದ ಮೀನಿನ ಅಕ್ವೇರಿಯಂ ಕಟ್ಟಿಸಿದ್ದ. ಸಮುದ್ರವನ್ನು ಅವನು ಕಂಡದ್ದು ಜನ್ಮದಲ್ಲಿ ಒಂದೇ ಸಲ, ಗೋವಾದಲ್ಲಿ, ಅದೂ ಕಪ್ಪು ಕನ್ನಡಕದೊಳಗಿಂದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಭತ್ತದ ಗದ್ದೆಗಳ ನಡುವೆ ಸಮುದ್ರವನ್ನೇ ಹಿಡಿಯಲು ಹೊರಟಿದ್ದ.

ಗಂಗಾವತಿಯಲ್ಲಿ ಅಪ್ಪ ಇಟ್ಟಿದ್ದ ಬಣ್ಣದ ಮೀನಿನ ಅಂಗಡಿಯನ್ನು ಈಗ ನಡೆಸುತ್ತಿದ್ದವಳು ಅತೀಯಾ. ಪ್ರಾಣಿಶಾಸ್ತ್ರ ಓದಿದ್ದಳು. ಆ ಸೀಮೆಯಲ್ಲಿ ಸಮುದ್ರದ ಮೀನು ಸಾಕಲು ಬಲ್ಲವಳು ತಾನೊಬ್ಬಳೇ ಎಂಬ ಹಮ್ಮು ಅವಳಿಗಿತ್ತು, ಅದು ಸುಳ್ಳೂ ಆಗಿರಲಿಲ್ಲ. ಇದು ಅವಳ ಮೊದಲ ದೊಡ್ಡ ಕೆಲಸ. ಇದು ಕೈಗೂಡಿದರೆ ಸಿಂಧನೂರಿನವರೆಗೂ ಹೆಸರಾಗುತ್ತದೆ, ಕೆಟ್ಟರೆ ಮತ್ತೆ ಮಕ್ಕಳಿಗೆ ಪ್ಲಾಸ್ಟಿಕ್ ಚೀಲದಲ್ಲಿ ಗೋಲ್ಡ್ ಫಿಶ್ ಕಟ್ಟಿಕೊಡುವುದೇ ಗತಿ ಎಂದು ಅವಳಿಗೆ ಗೊತ್ತಿತ್ತು.

ಚೆನ್ನೈನಿಂದ ಬಂದ ನಾಲ್ಕು ಮೀನುಗಳನ್ನು ನೇರ ದೊಡ್ಡ ಅಕ್ವೇರಿಯಮ್ಮಿಗೆ ಬಿಡುವಂತಿರಲಿಲ್ಲ. ರೋಗರುಜಿನ ಇದ್ದರೆ ತಿಳಿಯಲೆಂದು ನಾಲ್ಕು ವಾರ ಹಿಂದಿನ ಕೋಣೆಯ ಸಣ್ಣ ಟ್ಯಾಂಕಿನಲ್ಲಿ ಬೇರೆಯೇ ಇಡಬೇಕು. ಬರೀ ಗಾಜಿನ ನಡುವೆ ಮೀನು ಹೆದರುತ್ತದೆ, ಹೆದರಿದ ಮೀನು ತಿನ್ನುವುದಿಲ್ಲ, ತಿನ್ನದ ಮೀನು ರೋಗವಿಲ್ಲದೆಯೂ ಸಾಯುತ್ತದೆ. ಅದಕ್ಕೇ ಅಡಗಿಕೊಳ್ಳಲು ಪೈಪಿನ ತುಂಡು, ಮೂರು ಬದಿಗೆ ಕಪ್ಪು ಕಾಗದ, ದೀಪದ ಮೇಲೊಂದು ಬಟ್ಟೆ. ಇದನ್ನೆಲ್ಲ ಹೇಳುವಾಗ ತಿರುಮಲೇಶ ಆಕಳಿಸಿದ್ದ. ಕೊರೊನಾದಾಗ ನನ್ನನ್ನೂ ಹಿಂಗ ಕೂಡಿಹಾಕಿದ್ರು ಎಂದು ನಕ್ಕಿದ್ದ. ಮರುದಿನವೇ ಬೀಗರನ್ನು ಕರೆತಂದು, ಉಂಗುರದ ಬೆರಳಿನಿಂದ ಗಾಜು ಕುಟ್ಟಿ, ಮೀನುಗಳನ್ನು ಹೊರಗೆ ಬರಿಸಲು ನೋಡಿದ್ದ. ಆಮೇಲೆ ಅತೀಯಾ ಕೋಣೆಯ ಬಾಗಿಲಿಗೆ ಬೀಗ ಹಾಕಿಸಿ, ಕೀಲಿ ಅವನ ಕೈಗೇ ಕೊಟ್ಟು, ಒಬ್ಬರನ್ನೂ ಒಳಗೆ ಬಿಡಬೇಡಿರೆಂದು ಖಡಕ್ಕಾಗಿ ಹೇಳಿದಳು.

ಅವಳು ದಿನ ಬಿಟ್ಟು ದಿನ ಬರುತ್ತಿದ್ದಳು. ಬಾರದ ದಿನ ಒಂದು ಬಕೆಟ್ ನೀರು ತೆಗೆದು ಒಂದು ಬಕೆಟ್ ಹೊಸ ಉಪ್ಪುನೀರು ಹಾಕಬೇಕು. ಅಳೆದ ಉಪ್ಪಿನ ಪೊಟ್ಟಣಗಳನ್ನೂ ನೀರು ಕಲಸಿಡಲು ನೀಲಿ ಡ್ರಮ್ಮನ್ನೂ ಅವಳೇ ಇಟ್ಟಿದ್ದಳು. ಆಳುಗಳ ಮೇಲೆ ನಂಬಿಕೆಯಿಲ್ಲ, ತಾನೇ ಮಾಡುತ್ತೇನೆಂದ ತಿರುಮಲೇಶ. ಎದ್ದು ಹೋಗಿ ಒಂದು ಲೋಟ ನೀರು ತಂದು ಕುಡಿಯದ ಮನುಷ್ಯ ಇವನು, ಎರಡು ದಿನದ ಉತ್ಸಾಹ ಎಂದುಕೊಂಡಳು ಅತೀಯಾ. ಆದರೆ ನೀರು ಬದಲಾಗುತ್ತಲೇ ಇತ್ತು. ಪೈಪು ಬಿಟ್ಟು ಹೊರಬಾರದಿದ್ದ ಹಳದಿ ಮೀನು ಐದನೆಯ ದಿನ ಹೊರಬಂದು ತಿನ್ನತೊಡಗಿತು. ಆ ದಿನ ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ತನ್ನ ಜಾಣತನವನ್ನೇ ನೆನೆದು ಹಿಗ್ಗಿದಳು.

ಎರಡನೆಯ ವಾರ, ಅಂಗಡಿಯಲ್ಲಿ ಗಿರಾಕಿಗಳಿದ್ದಾಗ, ಅವನ ಫೋನ್ ಬಂತು. ಡ್ರಮ್ಮು ಪ್ಲಾಸ್ಟಿಕ್ ವಾಸನೆ ಹೊಡೆಯುತ್ತಿದೆ, ತಮ್ಮ ಮನೆಯಲ್ಲಿ ಎಲ್ಲರೂ ಕುಡಿಯುವುದು ತಾಮ್ರದ ನೀರು, ಅದು ದೇಹಕ್ಕೆ ತಂಪು, ಅವ್ವನ ಕಾಲದ ತಾಮ್ರದ ಹಂಡೆಯೊಂದು ಅಟ್ಟದ ಮೇಲಿದೆ, ಅದರಲ್ಲಿ ಕಲಸಿಟ್ಟರೆ ನಡೆದೀತೇ ಎಂದು ಕೇಳಿದ. ಶುರುವಾಯಿತು ಇವನ ದೌಲತ್ತು ಎಂದು ಅವಳಿಗೆ ಮೈಯೆಲ್ಲ ಉರಿಯಿತು.

"ತಾಮ್ರದ್ಯಾಕ್ರಿ ಸಾವಕಾರ್ರ, ಬಂಗಾರದ್ದರಾಗ ಇಡ್ರಿ" ಎಂದು ಫೋನ್ ಇಟ್ಟಳು. ಗಿರಾಕಿಗಳ ಮುಂದೆ ಆ ಮಾತನ್ನು ಇನ್ನೊಮ್ಮೆ ಹೇಳಿ ನಗಿಸಿದಳು. ಸಂಜೆಯೊಳಗೆ ಮರೆತೂಬಿಟ್ಟಳು.

ಅಂಗಡಿಯ ಗಡಿಬಿಡಿಯಲ್ಲಿ ಮುಂದಿನ ಮೂರು ದಿನ ಅವಳಿಗೆ ಕಾರಟಗಿಗೆ ಹೋಗಲಾಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮೀನು ಅಲ್ಲಾಡುತ್ತಿಲ್ಲವೆಂದು ಅವನು ಫೋನ್ ಮಾಡಿದ. ಅವಳು ಹೋಗಿ ನೋಡಿದರೆ ನಾಲ್ಕೂ ಸತ್ತಿದ್ದವು. ಮೂರು ತೇಲುತ್ತಿದ್ದವು, ಹಳದಿಯದು ಪೈಪಿನೊಳಗೇ ಹೊರಳಿ ಬಿದ್ದಿತ್ತು. ಅವಳು ನೀರಿನ ಕಾವು ನೋಡಿದಳು, ಉಪ್ಪು ಅಳೆದಳು. ಎಲ್ಲ ಸರಿಯಾಗಿತ್ತು. ಹಾಗಿದ್ದರೆ ಈ ಮನುಷ್ಯನೇ ಏನೋ ಅಧ್ವಾನ ಮಾಡಿರಬೇಕು. ಆದರೆ ಧಣಿಯ ಮುಂದೆ ಹಾಗೆನ್ನಲಾಗದು, ತನ್ನ ಹೆಸರೂ ಉಳಿಯಬೇಕು.

"ಚೆನ್ನೈನಿಂದ ಬರೂವಾಗನ ರೋಗ ಇತ್ತು ಕಾಣ್ತೈತ್ರಿ" ಎಂದಳು.

ತಿರುಮಲೇಶ ತಲೆಯಾಡಿಸಿದ. ಅವನ ಮುಖ ಇಳಿದುಹೋಗಿತ್ತು. ದಿನಾ ಬೆಳಿಗ್ಗೆ ಗಿರಣಿಗೆ ಹೋಗುವ ಮೊದಲು ಇಲ್ಲಿ ಬಂದು ಕೂಡುತ್ತಿದ್ದೆ ಎಂದ. ಗಾಜು ಮುಟ್ಟುತ್ತಿರಲಿಲ್ಲ, ಫೋನು ಹೊರಗೇ ಇಟ್ಟು ಬರುತ್ತಿದ್ದೆ ಎಂದ. ಹಳದಿ ಮೀನು ತನ್ನ ಗುರುತು ಹಿಡಿದು ಮೇಲೆ ಬರುತ್ತಿತ್ತು ಎಂದು ನಾಚಿಕೊಂಡೇ ಹೇಳಿದ.

"ನಿಂದೇನು ತಪ್ಪಿಲ್ಲ ಬಿಡವಾ. ನೀ ಭಾಳ ಛಲೋ ನೋಡಿಕೊಂಡಿ. ಬ್ಯಾರೆ ತರಸು. ನೀರಂತೂ ತಯಾರ ಐತಿ."

ಅವನು ಕೈಮಾಡಿದ ಕಡೆ ಅವಳು ತಿರುಗಿದಳು. ಬಾಗಿಲ ಹಿಂದೆ, ಗೋಣಿಚೀಲದ ಮೇಲೆ, ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ ದೊಡ್ಡ ಹಂಡೆ. ಕಂಠದವರೆಗೆ ಉಪ್ಪುನೀರು. ನೀರು ತಾಗಿದಲ್ಲೆಲ್ಲ ಹಸಿರು ಕಿಲುಬು ಒಂದು ಗೆರೆಯಾಗಿ ಎದ್ದಿತ್ತು.

ಅತೀಯಾಳಿಗೆ ಫೋನಿನಲ್ಲಿ ತಾನಾಡಿದ ಬಂಗಾರದ ಮಾತು ನೆನಪಾಯಿತು. ಚೆನ್ನೈ ಎಂಬ ಸುಳ್ಳನ್ನು ಅವನು ನಂಬಿಯಾಗಿತ್ತು. ಹಂಡೆ ಮುಂದೆ ಬೇಡ ಎಂದು ಏನಾದರೂ ನೆಪ ಹೇಳಿದರೆ ಇಲ್ಲಿಗೇ ಮುಗಿಯುತ್ತಿತ್ತು. ಅಷ್ಟು ಸಲೀಸಾಗಿದ್ದುದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ರೋಗ ಅಲ್ರಿ" ಎಂದಳು. "ಉಪ್ಪುನೀರಾಗ ತಾಮ್ರ ಬಿಡ್ತೈತ್ರಿ. ಅದು ಮೀನಿಗೆ ವಿಷ. ಅದರಿಂದನ ಸತ್ತಾವು."

ಅವನು ಬೈಯಲಿ ಎಂದು ಕಾದಳು. ಬೈದರೆ ಅವನು ಮೊದಲಿನ ತಿರುಮಲೇಶನೇ ಆಗುತ್ತಿದ್ದ, ಅವಳಿಗೂ ಹಗುರಾಗುತ್ತಿತ್ತು. ಅವನು ಹಂಡೆಯನ್ನೂ ಅವಳನ್ನೂ ನೋಡಿದ.

"ನಾ ಕೇಳಿದ್ದೆನಲ್ಲವಾ ನಿನಗ" ಎಂದ.

ಅವನು ಬಗ್ಗಿ ಹಂಡೆಯ ಕಂಠ ಹಿಡಿದು ಜಗ್ಗಿದ, ಅದು ಕದಲಲಿಲ್ಲ. ಆಳನ್ನು ಕೂಗಲಿಲ್ಲ. ಇನ್ನೊಮ್ಮೆ ಜಗ್ಗಿದ. ಅತೀಯಾ ಆಚೆ ಬದಿಗೆ ಹೋಗಿ ಕೈ ಹಚ್ಚಿದಳು. ಇಬ್ಬರೂ ಸೇರಿ ಹಂಡೆಯನ್ನು ಮೋರಿಯ ಕಡೆ ಓರೆ ಮಾಡಿದರು. ನೀರು ಒಮ್ಮೆಲೇ ನುಗ್ಗಿ ಅವನ ಇಸ್ತ್ರಿ ಮಾಡಿದ ಬಿಳಿ ಧೋತರವನ್ನು ಮೊಣಕಾಲವರೆಗೆ ತೋಯಿಸಿತು. ಅವನು ಹಿಂದೆ ಸರಿಯಲಿಲ್ಲ. ಹಂಡೆ ಬರಿದಾಗುವವರೆಗೂ ಇಬ್ಬರೂ ಹಾಗೆಯೇ ಬಗ್ಗಿ ಹಿಡಿದುಕೊಂಡಿದ್ದರು.