ಪ್ರಶ್ನೆಗೆ ಎರಡು ನಿಮಿಷ

ಸಂಶೋಧನಾ ಸಂಸ್ಥೆಯ ಕಾಫಿಯವನು ಮೊದಲ ಸಾಲಿನ ಕುರ್ಚಿಗಳನ್ನು ಒಂದೊಂದಾಗಿ ಹಿಂದಕ್ಕೆ ಎಳೆಯುತ್ತಿದ್ದ. ಚಿತಾಗಾರದ ಆ ಸಣ್ಣ ಸಭಾಂಗಣಕ್ಕೆ ಶವಪೆಟ್ಟಿಗೆಯನ್ನು ಆಗಲೇ ತಂದಿಟ್ಟಿದ್ದರು.

"ಇರಲಿ ಬಿಡಯ್ಯ, ಈಗ ಯಾರು ನೋಡ್ತಾರೆ?" ಎಂದರು ಸಂಸ್ಥೆಯ ನಿರ್ದೇಶಕರು.

"ಅವರು ನೋಡ್ತಾರೆ ಸಾರ್." ಅವನು ಪೆಟ್ಟಿಗೆಯತ್ತ ಕೈ ತೋರಿಸಿದ. "ಕುರ್ಚಿ ಬಾಗಿಲಿಗೆ ಅಡ್ಡ ಇದ್ರೆ ಸಭೇನೇ ಶುರು ಮಾಡೋಕೆ ಬಿಡ್ತಿರಲಿಲ್ಲ."

ಪೆಟ್ಟಿಗೆಯಲ್ಲಿದ್ದಾಕೆ ಇಪ್ಪತ್ತೆಂಟು ವರ್ಷ ಆ ಸಂಸ್ಥೆಯ ಸಮ್ಮೇಳನಗಳಲ್ಲಿ ಹೊತ್ತು ನೋಡಿಕೊಂಡವಳು. ದೇಶದೇಶಗಳಿಂದ ಬಂದ ವಿದ್ವಾಂಸರಿಗೆ ತಲಾ ಇಪ್ಪತ್ತು ನಿಮಿಷ. ಐದು ನಿಮಿಷ ಉಳಿದಾಗ ಹಸಿರು ಚೀಟಿ ಎತ್ತುವಳು, ಎರಡು ಉಳಿದಾಗ ಹಳದಿ, ಮುಗಿದಾಗ ಕೆಂಪು. ಎಂಥ ಘಟಾನುಘಟಿ ಪಂಡಿತನಾದರೂ ಕೆಂಪು ಕಂಡರೆ ತೆಪ್ಪಗೆ ಕೆಳಗಿಳಿಯುತ್ತಿದ್ದ. ಆಮೇಲೆ ಸಭೆಯಲ್ಲಿ ಯಾರಾದರೂ ಪ್ರಶ್ನೆ ಕೇಳಲು ಕೈ ಎತ್ತಿದರೆ ಮೈಕು ಹಿಡಿದು ಅವರ ಬಳಿಗೆ ಓಡುವುದೂ ಆಕೆಯ ಕೆಲಸವೇ. ಎಲ್ಲರ ಬಾಯಲ್ಲಿ ಆಕೆ ಗಡಿಯಾರಮ್ಮ. ಮಂಗಳವಾರ ಸಂಜೆ ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಾ ಕೂತಿದ್ದಾಗ, ಕೂತಲ್ಲೇ ಹೃದಯ ನಿಂತುಹೋಗಿತ್ತು.

ಬಾಗಿಲ ಬಳಿ ನಿಂತಿದ್ದ ಚಿತಾಗಾರದ ಹೆಂಗಸು ತಗ್ಗಿದ ದನಿಯಲ್ಲಿ, "ಮಾತು ಶುರುವಾದ ಮೇಲೆ ಇಪ್ಪತ್ತು ನಿಮಿಷ ಇದೆ. ಆಮೇಲೆ ಇನ್ನೊಂದು ಮನೆಯವರು ಬರ್ತಾರೆ," ಎಂದಳು.

"ನೋಡಿದ್ಯಾ?" ಎಂದು ಚಿಕ್ಕಮ್ಮ ಗಡಿಯಾರಮ್ಮನ ಮಗಳ ಕೈ ಹಿಡಿದಳು. "ಅಕ್ಕನಿಗೆ ಸತ್ತ ಮೇಲೂ ಇಪ್ಪತ್ತೇ ನಿಮಿಷ." ನಗಲು ಹೋದವಳು ಅತ್ತುಬಿಟ್ಟಳು.

ಮಗಳು ಅಳಲಿಲ್ಲ. ಮೂರು ದಿನದಿಂದ ಅವಳನ್ನು ಕೊರೆಯುತ್ತಿದ್ದದ್ದು ಒಂದೇ. ಅಮ್ಮ ಏನೋ ಹೇಳಬೇಕು ಅಂದಿದ್ದಳು. ಏನದು?

*

ಮಂಗಳವಾರ ಮಧ್ಯಾಹ್ನ ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿದ್ದಳು. ಫೋನು ಬಂತು.

"ಬೇಗ ಹೇಳಮ್ಮ. ಕಿಟಕಿ ಮುಂದೆ ಸಾಲು ಬೆಳೀತಿದೆ."

"ಎಷ್ಟು ಹೊತ್ತಿದೆ ನಿಂಗೆ?"

"ಎರಡೇ ನಿಮಿಷ."

ಪರದೆಗಳನ್ನೆಲ್ಲ ಒಗೆದ ಸುದ್ದಿಯಾಯಿತು, ಕೆಳಮನೆಯವರ ಬೆಕ್ಕು ಮೆಟ್ಟಿಲ ಕೆಳಗೆ ಮರಿ ಹಾಕಿದ ಸುದ್ದಿಯಾಯಿತು. ಆಮೇಲೆ ಆಕೆ ಗಂಟಲು ಸರಿಮಾಡಿಕೊಂಡಳು. "ಇನ್ನೊಂದು ವಿಷಯ ಹೇಳ್ಬೇಕಿತ್ತು ಕಣೇ..."

ಅಷ್ಟರಲ್ಲಿ ಯಾರೋ ಗಾಜು ತಟ್ಟಿದರು. ಮಗಳು "ಛೆ" ಎಂದಳು. ಅಂದದ್ದು ಗಾಜು ತಟ್ಟಿದವರಿಗೆ.

"ಸರಿ ಬಿಡು, ಟೈಮಾಯ್ತು," ಎಂದು ಆಕೆ ನಕ್ಕಳು. "ಅವಸರ ಏನಿಲ್ಲ. ನಾಳೆ ಫೋನ್ ಮಾಡ್ತೀನಿ."

ಮಗಳು "ಹ್ಞೂಂ" ಎಂದು ಫೋನಿಟ್ಟು ಮುಂದಿನವರ ಪಾರ್ಸೆಲನ್ನು ತಕ್ಕಡಿಯ ಮೇಲಿಟ್ಟಳು.

*

ನಿರ್ದೇಶಕರು ಮಾತಾಡಲು ಎದ್ದವರು ವೇದಿಕೆಗೆ ಹೋಗದೆ ಮಗಳ ಬಳಿಗೇ ಬಂದರು. ಕೈಯಲ್ಲಿ ಕೆಲವು ಹಾಳೆಗಳಿದ್ದವು.

"ನಾನು ಶುರು ಮಾಡಿದ್ರೆ ಇಪ್ಪತ್ತು ನಿಮಿಷ ಎಲ್ಲಿಗೂ ಸಾಲಲ್ಲ, ನಿಮ್ಮಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಇದನ್ನ ನೀವು ಓದಿ. ಮುಂದಿನ ತಿಂಗಳ ಸಮ್ಮೇಳನದಲ್ಲಿ ಕೊನೇ ಪ್ರಬಂಧ ಅವರದ್ದೇ. 'ಇಷ್ಟು ವರ್ಷ ನಮ್ಮದನ್ನ ಕೇಳಿದ್ದೀರಿ, ಒಂದು ಸಲ ನಾವೂ ಕೇಳ್ತೀವಿ' ಅಂತ ದುಂಬಾಲು ಬಿದ್ದು ಒಪ್ಪಿಸಿದ್ವಿ."

ಮಗಳು ಹಾಳೆಗಳನ್ನು ನೋಡಿದಳು. ಅಮ್ಮನ ಗುಂಡು ಅಕ್ಷರ.

"ನಿಮಗೆ ಹೇಳ್ಲಿಲ್ವಾ?" ಎಂದರು ಅವರು. "ಮೊದಲ ಸಾಲಲ್ಲಿ ಮಗಳಿಗೊಂದು ಕುರ್ಚಿ ಬೇಕು ಅಂತ ಆಗಲೇ ಹೇಳಿಟ್ಟಿದ್ರು. ಮಂಗಳವಾರ ಬೆಳಿಗ್ಗೆ, 'ಇವತ್ತು ಫೋನ್ ಮಾಡಿ ಕರೀತೀನಿ' ಅಂದಿದ್ರಲ್ಲ."

ಇದೇನಾ ಆ ವಿಷಯ? ಚಿಕ್ಕಮ್ಮ ಬೆನ್ನ ಮೇಲೆ ಕೈಯಿಟ್ಟು, "ಹೋಗು ಮಗಳೇ. ಅವಳು ಬರೆದದ್ದು ವ್ಯರ್ಥ ಆಗ್ಬಾರ್ದು," ಎಂದಳು.

ಅವಳು ಪೆಟ್ಟಿಗೆಯ ಪಕ್ಕ ನಿಂತು ಓದಿದಳು. ಹೊತ್ತು ಮೀರಿದವರ ನೆಪಗಳ ದೊಡ್ಡ ಪಟ್ಟಿಯೇ ಅಲ್ಲಿತ್ತು. ಮೂರು ಸಲ 'ಕೊನೆಯದಾಗಿ' ಎಂದು ಹೇಳಿ ಮತ್ತೆ ಅರ್ಧ ಗಂಟೆ ಎಳೆದವರೊಬ್ಬರ ಸಂಗತಿ ಬಂದಾಗ ಕಾಫಿಯವನು ನಿರ್ದೇಶಕರನ್ನು ನೋಡಿದ. ಅವರು ಅಳುತ್ತಲೇ ನಕ್ಕರು.

"ನಾನು ಇಲ್ಲಿ ಕಲಿತದ್ದು ಇಷ್ಟೇ," ಎಂದು ಕೊನೆಯ ಹಾಳೆ ಹೇಳುತ್ತಿತ್ತು. "ಹದಿನೆಂಟು ನಿಮಿಷ ಜನ ಬರೆದು ತಂದದ್ದನ್ನು ಓದುತ್ತಾರೆ. ಹಳದಿ ಚೀಟಿ ಕಂಡ ಮೇಲೆ, ಹೇಳಲೆಂದು ಬಂದದ್ದನ್ನು ಹೇಳುತ್ತಾರೆ. ಹಳೆಯ ಭೂಪಟಗಳ ಪಂಡಿತರೊಬ್ಬರು ಹಳದಿ ಕಂಡೊಡನೆ ಹಾಳೆ ಮಡಚಿ, 'ಇದನ್ನು ಮೊದಲು ಕಂಡುಹಿಡಿದವಳು ನನ್ನ ಹೆಂಡತಿ. ಅವಳು ಬದುಕಿದ್ದಾಗ ನಾನದನ್ನು ಎಲ್ಲೂ ಬರೆಯಲಿಲ್ಲ' ಎಂದು ಇಳಿದುಹೋದರು. ನನ್ನ ಮಗಳಿಗೂ ಬಿಡುವು ಕಡಿಮೆ. ಆದರೆ ಫೋನಿಡುವ ಮುಂಚೆ ತಪ್ಪದೆ 'ಊಟ ಆಯ್ತಾ ಅಮ್ಮ' ಎಂದು ಕೇಳುತ್ತಾಳೆ. ಆ ಮಾತಿಗೆ ಜಾಗ ಇರಲೆಂದು ನನ್ನದನ್ನು ನಾನು ಬೇಗ ಮುಗಿಸುತ್ತೇನೆ."

ಮಂಗಳವಾರ ಅವಳು ಕೇಳಿರಲಿಲ್ಲ.

ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡದ್ದನ್ನೂ ಅವಳು ಹೇಗೋ ಓದಿದಳು. "ಇಲ್ಲಿಗೆ ಹದಿನೆಂಟು ನಿಮಿಷ. ಎರಡು ನಿಮಿಷ ಪ್ರಶ್ನೆಗೆ. ಯಾರೂ ಕೇಳದಿದ್ದರೆ ಮಗಳು ಕೇಳುತ್ತಾಳೆ."

ಗೋಡೆಯ ಗಡಿಯಾರದಲ್ಲಿ ಸರಿಯಾಗಿ ಎರಡು ನಿಮಿಷ ಉಳಿದಿತ್ತು. ಬಾಗಿಲು ತೆರೆಯಲು ಬಂದ ಚಿತಾಗಾರದ ಹೆಂಗಸು ಹಿಡಿಯ ಮೇಲೆ ಕೈಯಿಟ್ಟು ಹಾಗೆಯೇ ನಿಂತಳು. ಮಗಳು ಹಾಳೆಗಳನ್ನು ಪೆಟ್ಟಿಗೆಯ ಮೇಲಿಟ್ಟು, ಬಂದು ಮೊದಲ ಸಾಲಿನಲ್ಲಿ ಕೂತಳು.

ಆಮೇಲೆ ಕೈ ಎತ್ತಿದಳು.

ಮೈಕು ವೇದಿಕೆಯ ಮೇಲೆಯೇ ಇತ್ತು. ಅದನ್ನು ತಂದುಕೊಡಲು ಯಾರೂ ಏಳಲಿಲ್ಲ. ಅವಳು ಕೈ ಇಳಿಸಲಿಲ್ಲ.