ಹಳೆಯ ಗಮ್ಮಿನ ಮೇಲೆ

ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಗಿರಿಧರ ಬಟ್ಟೆಯ ತುಂಡಿಗೆ ಇನ್ನಷ್ಟು ಪೆಟ್ರೋಲು ಹಾಕಿಕೊಂಡು ಬೆಳ್ಯಪ್ಪನ ಹೆಬ್ಬೆರಳನ್ನು ಮತ್ತೆ ಹಿಡಿದ. ಮೀಯಿಸಲು ತಂದಿಟ್ಟ ಬಿಸಿನೀರು ಆಗಲೇ ಆರಿತ್ತು.

"ಸಾಕು ಬಿಡು ಗಿರಿ," ಎಂದಳು ಬಾಗಿಲಲ್ಲಿ ನಿಂತಿದ್ದ ಸೇವಂತಿ. "ಮದುವೆ ದಿವಸವೂ ಅದು ಹೋಗಿರ್ಲಿಲ್ಲ. ಹಾಗೇ ಹೋಗ್ಲಿ."

ಬೆಳ್ಯಪ್ಪನ ಹೆಂಡತಿಯೇ ಹಾಗೆಂದ ಮೇಲೆ ಗಿರಿಧರ ಕೈಬಿಟ್ಟ. ಬೆಳ್ಯಪ್ಪನಿಗೆ ಅರವತ್ತೊಂದು. ನಿನ್ನೆ ಪಂಜ ಪೇಟೆಯಲ್ಲಿ ಯಾರದೋ ಪಂಪ್‌ಸೆಟ್ ಬಿಚ್ಚುತ್ತಾ, ಸ್ಪ್ಯಾನರ್ ಹಿಡಿದಲ್ಲೇ ಕುಸಿದು ಸತ್ತಿದ್ದ. ಅದಕ್ಕೆ ಮೊದಲು ಹನ್ನೊಂದು ವರ್ಷ ಹೊಳೆಯ ನೆರೆ ರಕ್ಷಣೆಯ ಬೋಟಿಗೆ ಅವನೇ ಮೆಕ್ಯಾನಿಕ್, ಗಿರಿಧರ ಡ್ರೈವರ್. ಮೂರು ವರ್ಷದ ಹಿಂದೆ ಬೆಳ್ಯಪ್ಪನ ಕೆಲಸ ಹೋಯಿತು, ಹೆಸರೂ ಹೋಯಿತು. ಯಾರ ತಪ್ಪಿನಿಂದ ಹೋಯಿತು ಎಂದು ಬಲ್ಲವರು ಇಬ್ಬರೇ ಇದ್ದರು. ಈಗ ಗಿರಿಧರ ಒಬ್ಬನೇ ಉಳಿದ.

ಅಂಗಳದಲ್ಲಿ ಬಿದಿರು ಕಟ್ಟುತ್ತಿದ್ದವರಲ್ಲಿ ಒಬ್ಬ ಅನ್ನುತ್ತಿದ್ದ: "ಪಾಪದ ಜನ ಮಾರಾಯ. ಆದ್ರೆ ಆ ಬೋಟಿನ ವಿಷಯದಲ್ಲಿ ಉದಾಸೀನ ಮಾಡಿದ. ಒಂದು ಜೀವ ಹೋಯ್ತಲ್ಲ."

"ಸತ್ತವನ ಬಗ್ಗೆ ಇವತ್ತು ಎಂತಕ್ಕೆ ಅದೆಲ್ಲ?" ಎಂದ ಇನ್ನೊಬ್ಬ. ಆದರೆ ಅಲ್ಲ ಎನ್ನಲಿಲ್ಲ.

ಗಿರಿಧರ ಬಟ್ಟೆಯ ತುಂಡನ್ನು ಕೆಳಗಿಟ್ಟ. ಇವತ್ತು ಹೇಳಿಬಿಡಬೇಕು. ಚಿತೆಗೆ ಬೆಂಕಿ ಬೀಳುವ ಮೊದಲು, ಈ ಮನುಷ್ಯನ ಮುಖ ಇನ್ನೂ ಕಾಣುತ್ತಿರುವಾಗಲೇ ಹೇಳಬೇಕು. ಹಾಗೆಂದುಕೊಂಡು ತಲೆಯೆತ್ತಿದರೆ ಬೇಲಿಯ ದಣಪೆ ದಾಟಿ ಬಿಳಿ ಮುಂಡಿನ ಮೊಯ್ದಿನಬ್ಬ ಬರುತ್ತಿದ್ದರು. ಬಿದಿರು ಕಟ್ಟುತ್ತಿದ್ದವರು ಎದ್ದು ನಿಂತರು. ಹೊಳೆಗೆ ಹೋದ ಜೀವ ಅವರ ಮಗ ಮಶೂದನದು. ಮೂರು ವರ್ಷ ಅವರು ಬೆಳ್ಯಪ್ಪನ ಮುಖ ನೋಡಿರಲಿಲ್ಲ.

*

ಆ ಬೋಟಿಗೆ ನೀರು ತಳ್ಳುವ ಫ್ಯಾನು ಹೊರಗಿಲ್ಲ. ಹೊಟ್ಟೆಯಡಿಯ ಜಾಲರಿಯಿಂದ ನೀರು ಎಳೆದು, ಪಂಪಿನಿಂದ ಹಿಂದಕ್ಕೆ ಚಿಮ್ಮಿ ಓಡುವ ಜೆಟ್ ಬೋಟು. ನೀರಿನ ಜೊತೆ ಹೊಳೆಯಲ್ಲಿದ್ದದ್ದನ್ನೆಲ್ಲ ಎಳೆಯುತ್ತದೆ. ಮಿಂದವರು ಬಿಟ್ಟ ಪಂಚೆ, ಸತ್ತವರ ಸೀರೆ, ಹರಕು ಚಾಪೆ. "ಪುಣ್ಯ ಅವರಿಗೆ, ಕಸ ನನಗೆ," ಎಂದು ಬೈಯುತ್ತಲೇ ಬೆಳ್ಯಪ್ಪ ಪಂಪು ಇಳಿಸುತ್ತಿದ್ದ. "ಬಟ್ಟೆ ಸಿಕ್ಕಿದ್ರೆ ಎಳೀಬೇಡ ಗಿರಿ. ಎಳೆದಷ್ಟೂ ಬಿಗಿ ಆಗ್ತದೆ. ಬಿಚ್ಚಿಯೇ ತೆಗೀಬೇಕು."

ಬಿಚ್ಚುವುದಕ್ಕಿಂತ ದೊಡ್ಡ ಕೆಲಸ ತಿರುಗಿ ಕೂರಿಸುವುದು. ಸಂದಿ ಮುಚ್ಚುವ ಹಳೆಯ ಗಮ್ಮನ್ನು ಪೂರ್ತಿ ಕೆರೆದು, ಒರೆಸಿ, ಒಣಗಿಸಿ, ಹೊಸ ಗಮ್ಮು ಸುತ್ತ ಹಚ್ಚಿ, ಬೋಲ್ಟು ಬಿಗಿದು ಒಂದಿಡೀ ದಿನ ಬಿಡಬೇಕು. ಸಂದಿ ಉಳಿದರೆ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ.

ಮೂರು ವರ್ಷದ ಹಿಂದಿನ ಆ ಶನಿವಾರ ಬೆಳ್ಯಪ್ಪನಿಗೆ ಜ್ವರ. ಪಂಪಿಗೆ ಸಿಕ್ಕಿದ್ದ ಸೀರೆ ಬಿಡಿಸಿ ಕೊಟ್ಟು, ಕೂರಿಸುವುದನ್ನು ಗಿರಿಧರನಿಗೆ ಬಿಟ್ಟ. ಗಿರಿಧರನಿಗೆ ಸವಣೂರಿನಲ್ಲಿ ಭಾವನ ಹೊಸ ಮನೆಯ ಒಕ್ಕಲಿಗೆ ಹೋಗುವ ಅವಸರ. ಅರ್ಧ ಕೆರೆದ. ಉಳಿದ ಹಳೆಯದರ ಮೇಲೆಯೇ ಹೊಸತು ಹಚ್ಚಿ ಬೋಲ್ಟು ಬಿಗಿದ.

"ಹಳತು ಪೂರಾ ತೆಗ್ದಿದ್ದೀಯಲ್ಲ?" ಎಂದು ಬೆಳ್ಯಪ್ಪ ಫೋನಿನಲ್ಲಿ ಕೇಳಿದ.

"ಹೌದು ಬೆಳ್ಯಪ್ಪಣ್ಣ."

ಸೋಮವಾರ ಹೊಳೆ ಏರಿತು. ದಡದ ಮೋಟಾರು ಎತ್ತಲು ಇಳಿದಿದ್ದ ಮಶೂದ್ ಪಂಪ್‌ಶೆಡ್ಡಿನ ಮಾಡಿನ ಮೇಲೆ ಸಿಕ್ಕಿಬಿದ್ದ. ಬೋಟು ಅರ್ಧ ಹೊಳೆ ಹೋಯಿತು. ಆಮೇಲೆ ಎಂಜಿನ್ ಕಿರುಚಿತು, ಬೋಟು ಮುಂದೆ ಹೋಗಲಿಲ್ಲ. ಹಗ್ಗ ಎಸೆದರೂ ಸಿಗದಷ್ಟು ದೂರದಲ್ಲಿ ಶೆಡ್ಡು ಕುಸಿಯುವುದನ್ನು ಗಿರಿಧರ ಸ್ಟೇರಿಂಗ್ ಹಿಡಿದುಕೊಂಡೇ ನೋಡಿದ.

ಮರುದಿನ ಪಂಪು ಇಳಿಸಿದ ಬೆಳ್ಯಪ್ಪ ಗಮ್ಮಿನ ಒಂದು ಪಟ್ಟಿ ಕಿತ್ತು ಅವನ ಮುಂದೆ ಹಿಡಿದ. ಕೆಳಗೆ ಹಳೆಯ ಕಪ್ಪು, ಮೇಲೆ ಹೊಸ ಬಿಳಿ. ಗಿರಿಧರ ಅತ್ತ. ಬೆಳ್ಯಪ್ಪ ಅದನ್ನು ಸುತ್ತಿ ಕಿಸೆಗೆ ಹಾಕಿಕೊಂಡ.

"ಕೇಳಿದ್ದು ನಾನು, ಬಂದು ನೋಡದೆ ಬಿಟ್ಟದ್ದೂ ನಾನು. ನಿನಗೆ ಸಣ್ಣ ಮಕ್ಕಳುಂಟು. ಬಾಯಿ ಮುಚ್ಚು."

ವಿಚಾರಣೆಗೆ ಬಂದವರ ಮುಂದೆ, ಗಮ್ಮು ಹಾಕಿದ್ದು ತಾನೇ ಎಂದ.

*

ಹೆಣದ ಬಾಯಿಗೆ ತುಳಸಿನೀರು ಬಿಡುವಾಗ ಗಿರಿಧರ ಹೇಳಬೇಕೆಂದುಕೊಂಡ, ಹೇಳಲಿಲ್ಲ. ಚಟ್ಟ ಎತ್ತುವಾಗ ಹೆಗಲು ಕೊಟ್ಟ, ಬಾಯಿ ಬಿಡಲಿಲ್ಲ. ಅಣ್ಣನ ಮಗ ಬೆಂಕಿ ಕೊಟ್ಟ. ಮಾವಿನ ಸೌದೆ ಚೆನ್ನಾಗಿ ಹಿಡಿದು, ಜನ ಮೀಯಲು ಹೊರಟ ಮೇಲೆ ಅಲ್ಲಿ ಉಳಿದದ್ದು ಅವನು ಮತ್ತು ದೂರದಲ್ಲಿ ನಿಂತಿದ್ದ ಮೊಯ್ದಿನಬ್ಬ.

"ಮೊಯ್ದಿನಾಕ, ಗಮ್ಮು ಹಾಕಿದ್ದು ಬೆಳ್ಯಪ್ಪಣ್ಣ ಅಲ್ಲ. ನಾನು. ಸರಿ ಹಾಕಿದ್ದೇನೆ ಅಂತ ಸುಳ್ಳು ಹೇಳಿದ್ದೂ ನಾನು."

ಮುದುಕ ಹತ್ತಿರ ಬಂದು ಬೆಂಕಿಯ ಮುಂದೆ ನಿಂತರು.

"ಅವ ಮೂರು ಸಲ ಮನೆಗೆ ಬಂದಿದ್ದ," ಎಂದರು. "ಮೂರು ಸಲವೂ ನಾನು ಬಾಗಿಲು ಹಾಕಿದೆ. ಇವತ್ತು ಮಾಫ್ ಮಾಡಿದೆ ಅಂತ ಹೇಳ್ಲಿಕ್ಕೆ ಬಂದದ್ದು. ಈಗ ಯಾರಿಗೆ ಹೇಳುದು? ಯಾರ ಹತ್ರ ನಾನು ಮಾಫಿ ಕೇಳುದು?"

"ನನಗೆ ಎಂತ ಬೇಕಾದ್ರೂ..."

"ನಿನ್ನೆ ಬೆಳಿಗ್ಗೆ, ಅವ ಇರುವಾಗ ಹೇಳ್ಬಹುದಿತ್ತಲ್ಲ ನೀನು."

ಅಷ್ಟೇ ಅಂದು ಅವರು ಗದ್ದೆಯ ಬದುವಿನಲ್ಲಿ ನಡೆದು ಹೋದರು. ಹೇಳಿದರೆ ಹಗುರಾಗುತ್ತದೆ ಅನ್ನುತ್ತಾರೆ. ಗಿರಿಧರನಿಗೆ ಏನೂ ಹಗುರಾಗಲಿಲ್ಲ. ಹೊತ್ತದ್ದರಲ್ಲಿ ಅರ್ಧವನ್ನು ಆ ಮುದುಕನ ತಲೆಗೂ ಹೊರಿಸಿದೆ ಅನ್ನಿಸಿತು.

ಬೆಳ್ಯಪ್ಪನ ಮನೆಗೆ ಬಂದಾಗ ಸೇವಂತಿ ಒಂದು ಕಟ್ಟು ಹಿಡಿದುಕೊಂಡು ನಿಂತಿದ್ದಳು. ಬೆಳ್ಯಪ್ಪ ಕೊನೆಗೆ ಹಾಕಿದ್ದ ಖಾಕಿ ಅಂಗಿ, ಪಂಚೆ, ಚಾಪೆ.

"ಹೊಳೆಗೆ ಬಿಟ್ಟು ಬಾ."

"ಅಕ್ಕ, ಬೆಳ್ಯಪ್ಪಣ್ಣ ಇದಕ್ಕೇ ಊರಿಡೀ ಬೈತಿದ್ದದ್ದು."

"ಗೊತ್ತುಂಟು. ಆದ್ರೆ ಕ್ರಮ ಬಿಡ್ಲಿಕ್ಕೆ ಆಗ್ತದಾ? ನೀನೇ ಬಿಡು. ನಿನ್ನ ಮೇಲೆ ಅವರಿಗೆ ಭಾರೀ ಪ್ರೀತಿ ಇತ್ತು."

ಆ ಮಾತಿನ ಮೇಲೆ ಅವನಿಗೆ ಇಲ್ಲ ಎನ್ನಲಾಗಲಿಲ್ಲ. ಬೋಟು ಕಟ್ಟುವ ಕಡವಿನ ಮೇಲ್ಗಡೆ, ಎದೆಮಟ್ಟದ ನೀರಿಗೆ ಇಳಿದು ಕಟ್ಟು ಬಿಚ್ಚಿ ಬಿಟ್ಟ. ಚಾಪೆ ತಿರುಗಿ ತಿರುಗಿ ಹೋಯಿತು. ಅಂಗಿ ಮುಳುಗಿತು.

ಸಂಜೆ ಐದಕ್ಕೆ ಬೋಟು ಚಾಲು ಮಾಡಿ ನೋಡುವುದು ದಿನದ ಕೆಲಸ. ಒದ್ದೆ ಮೈಯಲ್ಲೇ ಕಡವಿಗೆ ಬಂದು ಚಾವಿ ತಿರುಗಿಸಿದ. ಹೊಳೆ ಬೆಳಿಗ್ಗೆಗಿಂತ ಎರಡು ಮೆಟ್ಟಿಲು ಏರಿತ್ತು. ಎಂಜಿನ್ ಹಿಡಿಯಿತು, ಒಮ್ಮೆ ಕೆಮ್ಮಿತು, ಆಮೇಲೆ ಕಿರುಚಿತು. ಬೋಟು ನಿಂತಲ್ಲೇ ನಿಂತಿತು.

ಎಂಜಿನ್ ಆರಿಸಿ, ನೀರಿಗಿಳಿದು ಬೋಟಿನಡಿಗೆ ಕೈ ಹಾಕಿದ. ಜಾಲರಿಯಿಂದ ಒಂದು ತೋಳು ಹೊರಗೆ ಜೋತಿತ್ತು. ಖಾಕಿ. ಎಳೀಬೇಡ ಎಂದು ಗೊತ್ತಿದ್ದೂ ಎಳೆದ. ಅದು ಇನ್ನಷ್ಟು ಬಿಗಿಯಿತು.

ಬೋಟಿನೊಳಗೆ ಫೋನು ರಿಂಗಾಯಿತು. ಒಂದು ಕೈಯಿಂದ ಎತ್ತಿದ. ಆಫೀಸಿನವರು.

"ಗಿರಿಧರ, ಘಟ್ಟದಲ್ಲಿ ಭಾರೀ ಮಳೆಯಂತೆ. ನಾಳೆ ಬೆಳಿಗ್ಗೆ ಬೇಕಾಗಬಹುದು. ಬೋಟು ಸರಿ ಉಂಟಲ್ಲ?"

ಪಂಪು ಇಳಿಸಬೇಕು, ಕೆರೆಯಬೇಕು, ಒಂದಿಡೀ ದಿನ ಒಣಗಬೇಕು. ಅದನ್ನೇ ಹೇಳಲು ಗಿರಿಧರ ಬಾಯಿ ತೆರೆದ.

"ಹೌದು ಸರ್," ಎಂದ.

ಇನ್ನೊಂದು ಕೈ ನೀರಿನೊಳಗೆ ಬೆಳ್ಯಪ್ಪನ ಅಂಗಿಯ ತೋಳನ್ನು ಹಿಡಿದೇ ಇತ್ತು.