ತವರು ಬುತ್ತಿಯ ಡಬ್ಬಿ

ನಾನು ಒಂದರ ಮೇಲೊಂದು ಕೂರುವ ನಾಲ್ಕು ಡಬ್ಬಿಗಳ ಸ್ಟೀಲ್ ಕ್ಯಾರಿಯರ್. ಯಂತ್ರದ ಗುದ್ದು ತಿಂದು, ಪಾಲಿಶ್ ಚಕ್ರಕ್ಕೆ ಮೈಯೊಡ್ಡಿ ಹುಟ್ಟಿದವನು. ಬೆಟಗೇರಿಯ ಅಂಗಡಿಯೊಂದರಿಂದ ನನ್ನನ್ನು ಕೊಂಡವಳು ಬಟ್ಟೆ ಹೊಲಿಯುವ ಕಸ್ತೂರೆವ್ವ.

ಅವಳ ಪಕ್ಕದ ಮನೆಯ ಬಾಣಂತಿಗೆ ತವರು ಇರಲಿಲ್ಲ. ಕಸ್ತೂರೆವ್ವ ಮೆತ್ತನೆಯ ನುಚ್ಚು, ಮೆಣಸಿನ ಸಾರು, ಸಬ್ಬಸಿಗೆ ಪಲ್ಯ ತುಂಬಿ ನನ್ನನ್ನು ಅಲ್ಲಿಗೆ ಒಯ್ದಳು. ಬಾಣಂತಿ ಉಣ್ಣುವ ತನಕ ತಾನು ಕೂಸಿಗೆ ನೀರೆರೆದಳು, ಆಮೇಲೆ ನನ್ನನ್ನು ಅಲ್ಲೇ ತೊಳೆದು ಜೊತೆಗೇ ತಂದಳು. ಹಾಲಿನ ಕಮಟು, ಹರಳೆಣ್ಣೆ, ಉಚ್ಚೆಯ ಅರಿವೆ, ಎಲ್ಲದರ ನಡುವೆ ಕೂತೆ. ಯಾವುದೂ ನನಗೆ ಹೇಸಿಗೆ ಅನಿಸಲಿಲ್ಲ.

ಹೇಸಿಗೆ ಆಮೇಲೆ ಶುರುವಾಯಿತು.

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಕೂಡಿಕೊಂಡರು. ಬಳಗ ಬೆಳೆಯಿತು, ‘ತವರು ಬುತ್ತಿ’ ಎಂದು ಬೋರ್ಡು ಬಂತು. ಪ್ರೇಮಲತಾ ಬಾಯಿ ಅಧ್ಯಕ್ಷೆಯಾದರು. ನನ್ನ ಹೊಟ್ಟೆಯ ಮೇಲೆ ಅವರ ಮುಖದ ಸ್ಟಿಕ್ಕರ್ ಹತ್ತಿತು. ಅದರ ಅಂಟಿಗೆ ಧೂಳು, ಸಾರಿನ ಜಿಡ್ಡು ಮೆತ್ತಿ ನನ್ನ ಮೈ ನನಗೇ ನಾರತೊಡಗಿತು. ಫೋಟೋ ತೆಗೆಯುವವನು ಬರುವ ತನಕ ಅನ್ನ ಆರುತ್ತಿತ್ತು. ಬಾಣಂತಿಯರ ಮನೆ ಹೆಚ್ಚಾದಂತೆ ಸ್ವಯಂಸೇವಕಿಯರಿಗೆ ಕೂರಲು ಪುರಸೊತ್ತಿರಲಿಲ್ಲ. ಬಾಗಿಲಲ್ಲಿ ಕ್ಯಾರಿಯರ್ ಇಟ್ಟು ಓಡುತ್ತಿದ್ದರು. ಹಳೆಯ ಡಬ್ಬಿ ಮರಳಿಸಿದರೆ ಮಾತ್ರ ಹೊಸ ಊಟ.

ಹಾಗೆ ನಾನು ಹುಲಿಗೆವ್ವನ ಮನೆಗೆ ಹೋದೆ. ಗಂಡ ದೂರದ ಇಟ್ಟಂಗಿ ಭಟ್ಟಿಯಲ್ಲಿ. ಮನೆಯಲ್ಲಿ ಅವಳು, ಎಳೆಯ ಕೂಸು. ಅವಳು ನನ್ನನ್ನು ಬೂದಿಯಿಂದ ತಿಕ್ಕಿ, ಬೋರಲು ಹಾಕಿದಳು. ಮರಳಿ ಕೊಡಲಿಲ್ಲ. ಊಟ ನಿಂತಿತು. ಕರಿ ಚಹಾ ಕುಡಿದು ಕೂಸನ್ನು ಎದೆಗೆ ಹಚ್ಚುತ್ತಿದ್ದಳು. ಹಾಲು ಇಳಿಯದೆ ಕೂಸು ಚೀರುತ್ತಿತ್ತು. ಅತ್ತ ಬಳಗದ ವಾಟ್ಸಾಪಿನಲ್ಲಿ ಅವಳ ಫೋಟೋ ಹಾಕಿ ‘ಡಬ್ಬಿ ಕಳ್ಳಿ’ ಎಂದು ಬರೆದರು.

ಅದನ್ನು ನೋಡಿ ಕಸ್ತೂರೆವ್ವ ಓಡಿ ಬಂದಳು.

“ಯಾಕವಾ, ಡಬ್ಬಿ ಯಾಕ ಇಟ್ಕೊಂಡಿ?”

“ತವರಿನ ಬುತ್ತಿ ಅಂತೀರಿ. ಖಾಲಿ ಡಬ್ಬಿ ಹ್ಯಾಂಗ ಕಳಸ್ಲಿ ಯಕ್ಕಾ? ಒಂದ್ ಹಿಡಿ ಅಕ್ಕಿ, ಚಿಟಿಕಿ ಸಕ್ಕರಿ… ಏನೂ ಇಲ್ಲ ಮನ್ಯಾಗ. ಗಂಡ ಬರ್ಲಿ ಅಂತ ಇದ್ದೆ.”

ಕಸ್ತೂರೆವ್ವ ಬಾಗಿಲತ್ತ ತಿರುಗಿದಳು. ಬಾಣಂತಿಯ ಬಾಗಿಲಿಗೆ ಸಿಕ್ಕಿಸಿದ್ದ ಬೇವಿನ ಟೊಂಗೆಯಿಂದ ಒಂದು ಎಸಳು ಮುರಿದು ಹುಲಿಗೆವ್ವನ ಕೈಗಿತ್ತಳು. “ಇದನ್ನ ಹಾಕಿ ಕೊಡು. ಈಗ ಊಟ ತರ್ತೀನಿ.”

ಬಳಗದ ಕಚೇರಿಯಲ್ಲಿ ಪ್ರೇಮಲತಾ ಬಾಯಿ ನನ್ನ ಮುಚ್ಚಳ ತೆಗೆದರು.

“ಛೀ, ಏನಿದು ಕಸ?” ಎಸಳು ಬುಟ್ಟಿಗೆ ಬಿತ್ತು. “ಮೊದ್ಲ ಅಕಿ ವಿಡಿಯೋದಾಗ ತಪ್ಪಾತು ಅನ್ಲಿ. ಆಮ್ಯಾಲ ಊಟ.”

“ಬಾಯಾರ, ನೀವೂ ಮಕ್ಕಳನ್ನ ಹಡದೀರಿ,” ಅಂದಳು ಕಸ್ತೂರೆವ್ವ. ನನ್ನನ್ನು ಎತ್ತಿಕೊಂಡು ನಡೆದಳು.

ಮನೆಯಲ್ಲಿ ನುಚ್ಚು ಕುದಿಯುವಷ್ಟರಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಸ್ಟಿಕ್ಕರ್ ಕೆರೆದಳು. ಪ್ರೇಮಲತಾ ಬಾಯಿಯ ಮುಖ ಉಗುರಿನ ಸಂದಿಯಲ್ಲಿ ಕರಿ ಮೇಣವಾಗಿ ಬಂತು. ಥೂ ಎಂದು ತೊಳೆದುಕೊಂಡಳು.

ನಮ್ಮನ್ನು ಕಂಡ ಹುಲಿಗೆವ್ವ ಊಟದ ಕಡೆ ನೋಡಲಿಲ್ಲ. “ಫೋಟೋ ತಗೀತೀರೇನ್ರೀ?” ಎಂದು ಕೂಸಿನ ಮುಖವನ್ನು ಒಳಕ್ಕೆ ತಿರುಗಿಸಿಕೊಂಡಳು. ಆಗಷ್ಟೇ ‘ಯಕ್ಕಾ’ ಅಂದವಳು. ಅಷ್ಟರಲ್ಲಿ ವಾಟ್ಸಾಪಿನ ಫೋಟೋದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

“ಇಲ್ಲ ಮಗಳ. ನೀ ಉಣ್ಣು. ಕೂಸಿನ್ನ ಇಲ್ಲಿ ಕೊಡು.”

ಕೂಸನ್ನು ಕೊಟ್ಟು, ಅವಳು ಉಂಡಳು.

ಕಸ್ತೂರೆವ್ವ ಮತ್ತೆ ಬಳಗಕ್ಕೆ ಹೋಗಲಿಲ್ಲ. ಮೊಣಕಾಲು ಸಾಗುವ ತನಕ ತಾನೇ ಬುತ್ತಿ ಒಯ್ದಳು. ಈಗ ನನ್ನ ಚಿಲಕ ಮುರಿದಿದೆ. ಹುಣಸೆಹಣ್ಣು ತುಂಬಿಕೊಂಡು ಅವಳ ಕಿಟಕಿಯಲ್ಲಿ ಕೂತಿದ್ದೇನೆ. ಬಳಗಕ್ಕೆ ಗಾಡಿ ಬಂದಿದೆ, ಮೈಕಿದೆ, ಉಂಡು ಎಸೆಯುವ ಡಬ್ಬಿಗಳಿವೆ. ಯಾರೂ ಏನನ್ನೂ ಮರಳಿಸಬೇಕಿಲ್ಲ. ಒಳ್ಳೆಯದೇ ಇರಬಹುದು. ಆದರೆ ಗಾಡಿ ನಿಂತಾಗ ಓಣಿಯ ಬಾಣಂತಿಯರು ಸೆರಗಿನಲ್ಲಿ ಕೂಸಿನ ಮುಖ ಮುಚ್ಚಿಕೊಂಡೇ ಹೊರಗೆ ಬರುತ್ತಾರೆ. ಹಸಿವೆಯಾಗಿರುತ್ತದಲ್ಲ, ಬರುತ್ತಾರೆ.